ಕೊರಿಯಾದಲ್ಲಿ ಮೊದಲ ವಾರಗಳು: ಕಾರ್ಡ್ ಕೈಗೆ ಬರುವ ತನಕ

ಪ್ರಶ್ನೆ: ನಾನು ಹಾಸನದವಳು, ವಯಸ್ಸು 23. ದಕ್ಷಿಣ ಕೊರಿಯಾದ ದೇಜೊನ್ ನಗರದ ವಿಶ್ವವಿದ್ಯಾಲಯವೊಂದರಲ್ಲಿ ಸ್ನಾತಕೋತ್ತರ ಪದವಿಗೆ ಸೀಟು ಸಿಕ್ಕಿದೆ, ಡಿ-2 ಎಂಬ ವಿದ್ಯಾರ್ಥಿ ವೀಸಾ ಕೂಡ ಬಂದಿದೆ. ಫೆಬ್ರವರಿ ಕೊನೆಯ ವಾರ ಹೊರಡುತ್ತೇನೆ. ಮನೆ ಬಿಟ್ಟು ಇದ್ದದ್ದೆಂದರೆ ಮೈಸೂರಿನ ಹಾಸ್ಟೆಲಿನಲ್ಲಿ ಮಾತ್ರ. ಮೊಟ್ಟೆ ತಿನ್ನುತ್ತೇನೆ, ಮೀನು, ಮಾಂಸ ಇಲ್ಲ. ಕೊರಿಯನ್ ಭಾಷೆ ಬಾರದು. ಅಲ್ಲಿ ಇಳಿದ ಮೇಲೆ ಯಾವುದು ಮೊದಲು, ಯಾವುದು ಆಮೇಲೆ? ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದೆ, ತೊಂದರೆ ಆಗುತ್ತದೆಯೇ? ಅಮ್ಮ ಗಸಗಸೆ ಸಮೇತ ಸಾಮಾನು ಕಟ್ಟುತ್ತಿದ್ದಾರೆ, ಒಯ್ಯಬಹುದೇ?

ಉತ್ತರ: ಕೊನೆಯ ಎರಡು ಪ್ರಶ್ನೆಗಳನ್ನು ನೀವು ಸಂಕೋಚದಿಂದ ಕೇಳಿದ ಹಾಗಿದೆ. ನನ್ನನ್ನು ಕೇಳಿದರೆ ಅವೇ ಮುಖ್ಯ. ಚಳಿ, ಕಿಮ್ಚಿ, ಭಾಷೆ ಇವುಗಳ ಬಗ್ಗೆ ಹೊರಡುವವರೆಲ್ಲ ಕೇಳುತ್ತಾರೆ. ಹೆಸರಿನ ಬಗ್ಗೆ, ಗಸಗಸೆಯ ಬಗ್ಗೆ ಕೇಳುವವರು ಕಡಿಮೆ. ಎಡವುವುದು ಮಾತ್ರ ಇಂಥ ಕಡೆಯೇ. ಗಸಗಸೆಯ ವಿಷಯ ಕೊನೆಗೆ ಹೇಳುತ್ತೇನೆ, ಅಮ್ಮನಿಗೂ ಓದಿ ಹೇಳಿ.

ಅಲ್ಲಿ ಮೊದಲ ಐದಾರು ವಾರ ನಿಮ್ಮದು ವಿಚಿತ್ರ ಸ್ಥಿತಿ. ವೀಸಾ ಇದೆ, ಸೀಟಿದೆ, ಹಾಸ್ಟೆಲಿನಲ್ಲಿ ಮಂಚ ಇದೆ, ಲ್ಯಾಬಿನಲ್ಲಿ ಮೇಜು ಇದೆ. ಆದರೂ ಆ ದೇಶದ ಕಂಪ್ಯೂಟರುಗಳ ಪಾಲಿಗೆ ನೀವಿನ್ನೂ ಹುಟ್ಟಿಲ್ಲ. ಆನ್‌ಲೈನಿನಲ್ಲಿ ಒಂದು ಜೊತೆ ಚಪ್ಪಲಿ ತರಿಸಲು ಹೋದರೆ ‘ನೀವು ಯಾರೆಂದು ಖಚಿತಪಡಿಸಿ’ ಅನ್ನುತ್ತದೆ. ಖಚಿತಪಡಿಸಲು ನಿಮ್ಮ ಹೆಸರಿನಲ್ಲಿ ನೋಂದಾಯಿಸಿದ ಮೊಬೈಲ್ ನಂಬರ್ ಬೇಕು. ಅಂಥ ನಂಬರ್ ಸಿಗಲು ವಿದೇಶಿಯರ ನೋಂದಣಿ ಸಂಖ್ಯೆ ಬೇಕು. ಆ ಸಂಖ್ಯೆ ಇರುವುದು ವಲಸೆ ಇಲಾಖೆ ಕೊಡುವ ಕಾರ್ಡಿನ ಮೇಲೆ. ಅದನ್ನು ಅಲ್ಲಿನ ವಿದ್ಯಾರ್ಥಿಗಳೆಲ್ಲ ‘ಎಆರ್‌ಸಿ’ ಅನ್ನುತ್ತಾರೆ. ಪೂರ್ತಿ ಬ್ಯಾಂಕ್ ಖಾತೆ, ಆರೋಗ್ಯ ವಿಮೆ, ಊಟ ತರಿಸುವ ಆ್ಯಪ್, ಹಳೆ ಸೈಕಲ್ ಕೊಳ್ಳುವ ಆ್ಯಪ್ ಎಲ್ಲ ಅದರ ಬಾಲ ಹಿಡಿದೇ ಬರುತ್ತವೆ. ನಾನು ಹೋದ ಹೊಸತರಲ್ಲಿ ಇದು ಗೊತ್ತಿಲ್ಲದೆ, ಎಲ್ಲ ಕಡೆ ತಪ್ಪುತ್ತಿರುವುದು ನನ್ನಿಂದಲೇ ಎಂದುಕೊಂಡು ಹಾಸ್ಟೆಲ್ ಕೋಣೆಯಲ್ಲಿ ಅತ್ತದ್ದೂ ಇದೆ. ತಪ್ಪು ನಿಮ್ಮದಲ್ಲ, ಸರದಿ ಬಂದಿಲ್ಲ ಅಷ್ಟೆ.

ಹಾಗಾಗಿ ಯಾವುದು ಮೊದಲು ಎಂದು ಕೇಳಿದರೆ ನನ್ನ ಉತ್ತರ ಒಂದೇ: ಎಆರ್‌ಸಿಗೆ ಅರ್ಜಿ. ಕಾನೂನಿನ ಪ್ರಕಾರ ದೇಶಕ್ಕೆ ಕಾಲಿಟ್ಟ 90 ದಿನಗಳೊಳಗೆ ನೋಂದಣಿ ಆಗಬೇಕು. ‘ಮೂರು ತಿಂಗಳಿದೆಯಲ್ಲ’ ಎಂದು ಕೂರಬೇಡಿ. ಮಾರ್ಚ್ ತಿಂಗಳಲ್ಲಿ ಎಲ್ಲ ವಿಶ್ವವಿದ್ಯಾಲಯಗಳ ವಿದೇಶಿ ವಿದ್ಯಾರ್ಥಿಗಳು ಒಟ್ಟಿಗೆ ಮುಗಿಬೀಳುವುದರಿಂದ ವಲಸೆ ಕಚೇರಿಯ ಭೇಟಿಯ ಸಮಯಗಳು ಬೇಗ ತುಂಬಿಹೋಗುತ್ತವೆ. ಹೈಕೊರಿಯಾ ಎಂಬ ಸರ್ಕಾರಿ ಜಾಲತಾಣದಲ್ಲಿ ಭೇಟಿಯ ದಿನ ಕಾದಿರಿಸಬೇಕು. ಅದಕ್ಕೂ ಮುಂಚೆ ನಿಮ್ಮ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ಹೋಗಿ ‘ಗುಂಪಾಗಿ ಅರ್ಜಿ ಹಾಕಿಸುತ್ತೀರಾ’ ಎಂದು ಕೇಳಿ. ಹಲವು ಕಡೆ ಹೊಸಬರ ಅರ್ಜಿಗಳನ್ನೆಲ್ಲ ಅವರೇ ಒಟ್ಟುಮಾಡಿ ಸಲ್ಲಿಸುತ್ತಾರೆ. ಪಾಸ್‌ಪೋರ್ಟ್, ವ್ಯಾಸಂಗ ಪ್ರಮಾಣಪತ್ರ, ಶುಲ್ಕ ಕಟ್ಟಿದ ರಸೀದಿ, ಹಾಸ್ಟೆಲಿನಲ್ಲಿ ವಾಸವಿರುವ ಬಗ್ಗೆ ಪತ್ರ, 3.5 x 4.5 ಸೆಂಟಿಮೀಟರ್ ಅಳತೆಯ ಬಿಳಿ ಹಿನ್ನೆಲೆಯ ಫೋಟೊ ಬೇಕಾಗುತ್ತವೆ. ಫೋಟೊಗಳನ್ನು ಹಾಸನದಲ್ಲೇ ಒಂದು ಡಜನ್ ತೆಗೆಸಿಕೊಂಡು ಹೋಗಿ, ಖರ್ಚಾಗುತ್ತವೆ. ಏನೇ ಗೊಂದಲವಾದರೂ 1345 ನಂಬರಿಗೆ ಫೋನ್ ಮಾಡಿದರೆ ವಲಸೆ ಇಲಾಖೆಯವರು ಇಂಗ್ಲಿಷಿನಲ್ಲೂ ಉತ್ತರಿಸುತ್ತಾರೆ.

ಇಲ್ಲೊಂದು ಎಚ್ಚರಿಕೆ. ನಿಮ್ಮ ವೀಸಾ ಒಂದೇ ಸಲದ ಪ್ರವೇಶಕ್ಕೆ ಕೊಟ್ಟದ್ದಾದರೆ, ಕಾರ್ಡ್ ಬರುವ ಮುಂಚೆ ಕೊರಿಯಾದಿಂದ ಹೊರಗೆ ಕಾಲಿಡಬೇಡಿ. ‘ಜಪಾನ್ ಪಕ್ಕದಲ್ಲೇ ಇದೆ, ವಾರಾಂತ್ಯಕ್ಕೆ ಹೋಗಿಬರೋಣ’ ಎಂದು ಗೆಳತಿಯರು ಕರೆದಾರು. ಹೊರಗೆ ಹೋದರೆ ಆ ವೀಸಾದ ಕಥೆ ಅಲ್ಲಿಗೆ ಮುಗಿಯಿತು, ಮತ್ತೆ ಹೊಸದಕ್ಕೆ ಅಲೆಯಬೇಕು.

ಇನ್ನು ಹೆಸರು. ಇದು ನಮ್ಮ ಕಡೆಯವರ ವಿಶೇಷ ಸಂಕಟ. ನಮಗೆ ಊರಿನ ಹೆಸರು, ಅಪ್ಪನ ಹೆಸರು ಎರಡೂ ಇನಿಶಿಯಲ್ ಆಗಿ ಮುಂದೆ ಕೂತಿರುತ್ತವೆ. ಪಾಸ್‌ಪೋರ್ಟ್ ಮಾಡಿಸುವಾಗ ಒಬ್ಬರು ಅವನ್ನು ಬಿಡಿಸಿ ಬರೆಸುತ್ತಾರೆ, ಇನ್ನೊಬ್ಬರು ಅಪ್ಪನ ಹೆಸರನ್ನು ಸರ್‌ನೇಮ್ ಮಾಡುತ್ತಾರೆ, ನಿಮ್ಮಂತೆ ಕೆಲವರು ಆ ಜಾಗ ಖಾಲಿ ಬಿಡುತ್ತಾರೆ. ಕೊರಿಯಾದವರಿಗೆ ಇದು ಅರ್ಥವೇ ಆಗುವುದಿಲ್ಲ. ಅಲ್ಲಿ ‘ಕಿಮ್’, ‘ಈ’ (ಇಂಗ್ಲಿಷಿನಲ್ಲಿ ಲೀ), ‘ಪಾರ್ಕ್’ ಎಂಬ ಮೂರು ಮನೆತನಗಳ ಹೆಸರೇ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನಕ್ಕಿದೆ. ಮನೆತನದ ಹೆಸರು ಒಂದಕ್ಷರ, ಸ್ವಂತ ಹೆಸರು ಎರಡಕ್ಷರ, ಅಲ್ಲಿಗೆ ಮುಗಿಯಿತು. ಹೊಳೆನರಸೀಪುರವನ್ನು ಸರ್‌ನೇಮ್ ಮಾಡಿಕೊಂಡು ಬಂದಿದ್ದ ಹುಡುಗನೊಬ್ಬನನ್ನು ಕಚೇರಿಯ ಹೆಂಗಸು ಎರಡು ವರ್ಷವೂ ‘ಹೊಳೆ ಅವರೇ’ ಎಂದೇ ಕರೆದರು. ಅವನು ಹೊಂದಿಕೊಂಡ.

ಸರ್‌ನೇಮ್ ಖಾಲಿ ಇದ್ದರೆ ಮುಳುಗಿಹೋಗುವುದಿಲ್ಲ, ಆದರೆ ಒಂದು ನಿಯಮ ಹಾಕಿಕೊಳ್ಳಿ. ಎಆರ್‌ಸಿ ಮೇಲೆ ಹೆಸರು ಹೇಗೆ ಮುದ್ರಿತವಾಗಿದೆಯೋ, ಅಕ್ಷರ, ಕ್ರಮ, ನಡುವಿನ ಖಾಲಿ ಜಾಗ ಸಮೇತ ಹಾಗೇ ಮೊಬೈಲ್ ಅಂಗಡಿಯಲ್ಲೂ ಬ್ಯಾಂಕಿನಲ್ಲೂ ಬರೆಸಿ. ನನ್ನ ಹೆಸರನ್ನು ಬ್ಯಾಂಕಿನವರು ಎರಡು ಪದ ಕೂಡಿಸಿ ಬರೆದರು, ಮೊಬೈಲ್ ಅಂಗಡಿಯವರು ಬಿಡಿಸಿ ಬರೆದರು. ಕಣ್ಣಿಗೆ ಕಾಣದ ಆ ಒಂದು ಖಾಲಿ ಜಾಗಕ್ಕಾಗಿ ಎರಡು ತಿಂಗಳು ನನ್ನ ಯಾವ ಆನ್‌ಲೈನ್ ಪಾವತಿಯೂ ನಡೆಯಲಿಲ್ಲ. ಕಾರಣ ತಿಳಿದದ್ದು ಲ್ಯಾಬಿನ ಹಿರಿಯನೊಬ್ಬ ನನ್ನ ಜೊತೆ ಕೂತು ಎರಡು ಕಾಗದ ಪಕ್ಕಪಕ್ಕ ಇಟ್ಟು ನೋಡಿದಾಗ. ಹಾಗೆಯೇ ನಿಮ್ಮ ಹೆಸರನ್ನು ಕೊರಿಯನ್ ಲಿಪಿಯಲ್ಲಿ ಬರೆಯುವ ರೀತಿಯನ್ನೂ ಒಂದೇ ಸಲ ಗೊತ್ತುಮಾಡಿಕೊಳ್ಳಿ. ಅವರಲ್ಲಿ ‘ವ’ಕಾರ ‘ಬ’ ಆಗುತ್ತದೆ, ಒತ್ತಕ್ಷರ ಬಿಡಿಯಾಗುತ್ತದೆ. ವಿನಯ ‘ಬಿನಾಯಾ’, ಪ್ರಿಯಾ ‘ಪುರಿಯಾ’ ಹತ್ತಿರ ಹೋಗುತ್ತಾಳೆ. ಇಂದು ಒಂದು ಬಗೆ, ನಾಳೆ ಇನ್ನೊಂದು ಬಗೆ ಬರೆಯಬೇಡಿ.

ಕಾರ್ಡ್ ಬರುವ ತನಕ ಏನು ಮಾಡುವುದು? ಪಾಸ್‌ಪೋರ್ಟ್ ತೋರಿಸಿ ವಿಮಾನ ನಿಲ್ದಾಣದಲ್ಲೇ ಪ್ರೀಪೇಯ್ಡ್ ಸಿಮ್ ತೆಗೆದುಕೊಳ್ಳಿ. ಕಾರ್ಡ್ ಬಂದ ಮೇಲೆ ಅದನ್ನು ನಿಮ್ಮ ಹೆಸರಿಗೆ ಸರಿಯಾಗಿ ನೋಂದಾಯಿಸಬಹುದು ಅಥವಾ ಹೊಸದು ಕೊಳ್ಳಬಹುದು. ಯುಪಿಐ ಅಭ್ಯಾಸವಾದ ಕೈಗೆ ಅಲ್ಲಿ ಮೊದಲ ವಾರ ಜೇಬು ತಡಕುವುದೇ ಕೆಲಸ. ಫಾರೆಕ್ಸ್ ಕಾರ್ಡ್ ಅಂಗಡಿಗಳಲ್ಲಿ ನಡೆಯುತ್ತದೆ, ಕೊರಿಯನ್ ಆ್ಯಪ್‌ಗಳಲ್ಲಿ ನಂಬಬೇಡಿ. ಬಸ್ಸು, ಮೆಟ್ರೊಗೆ ಬಳಸುವ ಟಿ-ಮನಿ ಕಾರ್ಡಿಗೆ ದುಡ್ಡು ತುಂಬಿಸಲು ನಗದು ಕೇಳುತ್ತಾರೆ. ಮೂರು ನಾಲ್ಕು ಲಕ್ಷ ವೊನ್ ನಗದು ಜೊತೆಗಿರಲಿ. ಗಾಬರಿ ಬೇಡ, ಸಾವಿರ ವೊನ್ ಅಂದರೆ ಸುಮಾರು ಅರವತ್ತು ರೂಪಾಯಿ. ಅವರು ಎಣಿಸುವುದು ‘ಮಾನ್’ ಲೆಕ್ಕದಲ್ಲಿ, ಅಂದರೆ ಹತ್ತು ಸಾವಿರದ ಗಂಟು. ನಮ್ಮ ಒಂದು ಲಕ್ಷ ಅವರಿಗೆ ಹತ್ತು ಮಾನ್. ಮಿಲಿಯನ್ ಲೆಕ್ಕದವರಿಗಿಂತ ನಮಗೆ ಇದು ಬೇಗ ಹಿಡಿಸುತ್ತದೆ.

ಮೊಬೈಲಿನಲ್ಲಿ ಕಾಕಾವೋಟಾಕ್, ನೇವರ್ ಮ್ಯಾಪ್, ಪಾಪಗೊ ಈ ಮೂರನ್ನು ಇಲ್ಲಿಂದಲೇ ಹಾಕಿಕೊಂಡು ಹೋಗಿ. ಅಲ್ಲಿ ವಾಟ್ಸ್ಆ್ಯಪ್ ಯಾರೂ ನೋಡುವುದಿಲ್ಲ, ಲ್ಯಾಬಿನ ಗುಂಪೆಲ್ಲ ಕಾಕಾವೋದಲ್ಲೇ. ದಾರಿ ಹುಡುಕಲು ಅಲ್ಲಿನ ಜನ ಗೂಗಲ್ ಮ್ಯಾಪ್ ಬಳಸುವುದಿಲ್ಲ. ವಿವರವಾದ ನಕ್ಷೆಯ ಮಾಹಿತಿಯನ್ನು ಭದ್ರತೆಯ ಕಾರಣಕ್ಕೆ ಹೊರದೇಶಕ್ಕೆ ಕೊಡಲು ಸರ್ಕಾರ ವರ್ಷಗಟ್ಟಲೆ ಒಪ್ಪದ ಕಾರಣ ಅದು ಅಲ್ಲಿ ಕುಂಟುತ್ತಲೇ ಬಂದಿದೆ. ಪಾಪಗೊ ಅನುವಾದಕ್ಕೆ, ಔಷಧದ ಡಬ್ಬಿಗೆ ಕ್ಯಾಮೆರಾ ಹಿಡಿದರೂ ಓದಿ ಹೇಳುತ್ತದೆ.

ಇಳಿದ ದಿನ ಸಾಹಸ ಬೇಡ. ದೇಶ ಪ್ರವೇಶಿಸುವವರು ತುಂಬುವ ಇ-ಅರೈವಲ್ ಕಾರ್ಡನ್ನು ಅಲ್ಲಿ ತಲುಪುವ ಮೂರು ದಿನ ಮುಂಚಿನಿಂದ ಆನ್‌ಲೈನಿನಲ್ಲಿ ಉಚಿತವಾಗಿ ತುಂಬಬಹುದು. ಇಂಚೊನ್ ವಿಮಾನ ನಿಲ್ದಾಣದಿಂದ ಸೋಲ್ ಸ್ಟೇಷನ್ನಿಗೆ ರೈಲು, ಅಲ್ಲಿಂದ ಕೆಟಿಎಕ್ಸ್ ವೇಗದ ರೈಲಿನಲ್ಲಿ ಸುಮಾರು ಒಂದು ಗಂಟೆಗೆ ದೇಜೊನ್ ಎಂದು ಎಲ್ಲರೂ ಹೇಳುತ್ತಾರೆ. ಎರಡು ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಹತ್ತಿ ಇಳಿಯುವಾಗ ಗೊತ್ತಾಗುತ್ತದೆ ಆ ಸುಖ. ನಿಲ್ದಾಣದಿಂದ ನೇರವಾಗಿ ದೇಜೊನ್‌ಗೆ ಬಸ್ಸಿದೆ, ಸುಮಾರು ಮೂರು ಗಂಟೆ. ಸಾಮಾನು ಅವರೇ ಬಸ್ಸಿನ ಹೊಟ್ಟೆಗೆ ಹಾಕುತ್ತಾರೆ, ನೀವು ನಿದ್ದೆ ಮಾಡಬಹುದು. ಫೆಬ್ರವರಿ ಕೊನೆಯಲ್ಲಿ ಬೆಳಗಿನ ಹೊತ್ತು ಸೊನ್ನೆಗಿಂತ ಕೆಳಗಿರುತ್ತದೆ. ದಪ್ಪ ಕೋಟನ್ನು ಸೂಟ್‌ಕೇಸಿನೊಳಗೆ ಇಡಬೇಡಿ, ಕೈಯಲ್ಲಿರಲಿ. ಕೋಣೆಯೊಳಗೆ ಮಾತ್ರ ನೆಲವೇ ಬೆಚ್ಚಗಿರುವುದುಂಟು. ನೆಲದಡಿಯಿಂದ ಕಾವು ಬರುವ ಆ ಏರ್ಪಾಡಿಗೆ ‘ಒಂದೊಲ್’ ಎನ್ನುತ್ತಾರೆ. ಚಪ್ಪಲಿ ಹೊರಗೆ ಬಿಡುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ.

ಹಾಸ್ಟೆಲಿನಲ್ಲಿ ಕ್ಷಯ ರೋಗದ ತಪಾಸಣೆಯ ವರದಿ ಕೇಳುತ್ತಾರೆ. ವೀಸಾಗೆ ಮಾಡಿಸಿದ್ದರ ಒಂದು ಪ್ರತಿ ಕೈಚೀಲದಲ್ಲಿರಲಿ. ಹಾಸಿಗೆ, ಹೊದಿಕೆ ಕೊಡದ ಹಾಸ್ಟೆಲುಗಳೂ ಇವೆ. ಮುಂಚೆಯೇ ಇಮೇಲ್ ಬರೆದು ಕೇಳಿ, ಇಲ್ಲವಾದರೆ ಮೊದಲ ರಾತ್ರಿ ಕೋಟು ಹೊದ್ದು ಮಲಗಬೇಕಾದೀತು. ಬಕೆಟ್, ಹ್ಯಾಂಗರ್, ತಟ್ಟೆ, ಲೋಟಕ್ಕೆಲ್ಲ ದೈಸೊ ಅಂಗಡಿ ಇದೆ, ಅಲ್ಲಿ ಯಾವ ವಸ್ತುವೂ ಐದು ಸಾವಿರ ವೊನ್ ದಾಟುವುದಿಲ್ಲ. ವಿದ್ಯುತ್ತು 220 ವೋಲ್ಟ್. ನಮ್ಮ ಎರಡು ಪಿನ್ನಿನ ಚಾರ್ಜರ್ ಸಾಮಾನ್ಯವಾಗಿ ಹಾಗೇ ಕೂರುತ್ತದೆ, ಮೂರು ಪಿನ್ನಿನದಕ್ಕೆ ಅಡಾಪ್ಟರ್ ಬೇಕು. ಮಾರ್ಚ್ 1 ಸರ್ಕಾರಿ ರಜೆ. 1919ರಲ್ಲಿ ಜಪಾನಿನ ಆಳ್ವಿಕೆಯ ವಿರುದ್ಧ ಜನ ಎದ್ದ ದಿನ ಅದು. ಅಂದು ಬ್ಯಾಂಕು, ಕಚೇರಿ ತೆರೆದಿರುವುದಿಲ್ಲ, ಅದರ ಬೆನ್ನಿಗೇ ತರಗತಿ ಶುರು.

ಊಟದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಅಲ್ಲಿ ‘ಮಾಂಸ ತಿನ್ನುವುದಿಲ್ಲ’ ಎಂದರೆ ಸಾಲದು. ಮಾಂಸ ಎಂಬ ಅರ್ಥದ ‘ಗೋಗಿ’ ಪದದಲ್ಲಿ ಅವರ ಲೆಕ್ಕಕ್ಕೆ ಮೀನು ಬರುವುದಿಲ್ಲ, ಎಷ್ಟೋ ಸಲ ಹ್ಯಾಮ್ ಕೂಡ ಬರುವುದಿಲ್ಲ. ಹಾಗಾಗಿ ಈ ವಾಕ್ಯ ಬಾಯಿಪಾಠ ಮಾಡಿ: ‘ಚೊನುನ್ ಗೋಗಿವಾ ಸೆಂಗ್‌ಸೊನುಲ್ ಆನ್ ಮೊಗೊಯೊ’, ನಾನು ಮಾಂಸ ಮೀನು ತಿನ್ನುವುದಿಲ್ಲ. ಹೋಟೆಲಿನಲ್ಲಿ ‘ಗೋಗಿ ಪ್ಪೆ ಜುಸೆಯೊ’, ಮಾಂಸ ತೆಗೆದು ಕೊಡಿ. ಇಷ್ಟು ಹೇಳಿದರೆ ಬಿಬಿಂಬಾಪ್ ಸಿಗುತ್ತದೆ: ಅನ್ನ, ಐದಾರು ಬಗೆ ಪಲ್ಯ, ಮೇಲೊಂದು ಮೊಟ್ಟೆ, ಕೆಂಪು ಮೆಣಸಿನ ಗೊಜ್ಜು. ಕಲಸಿ ತಿನ್ನುವ ನಮಗೆ ಅದು ಪರಕೀಯ ಅನ್ನಿಸುವುದಿಲ್ಲ. ಆದರೆ ಕಿಮ್ಚಿಗೆ ಸಾಮಾನ್ಯವಾಗಿ ಉಪ್ಪು ಹಾಕಿದ ಸೀಗಡಿಯೋ ಮೀನಿನ ರಸವೋ ಬಿದ್ದಿರುತ್ತದೆ. ನೋಡಲು ಬರೀ ಸೊಪ್ಪು ತೋಫು ಇರುವ ಸಾರಿಗೂ ಒಣಮೀನು ಕುದಿಸಿದ ನೀರೇ ಬುನಾದಿ. ರಾಮ್ಯೊನ್ ಎಂಬ ದಿಢೀರ್ ನೂಡಲ್ಸ್ ಪೊಟ್ಟಣದ ಮಸಾಲೆಯಲ್ಲಿ ದನದ ಮಾಂಸದ ಅಂಶ ಇರುವುದೇ ಹೆಚ್ಚು. ಎಲ್ಲಿ ಗೆರೆ ಎಳೆಯುತ್ತೀರಿ ಎಂಬುದನ್ನು ವಿಮಾನ ಹತ್ತುವ ಮುಂಚೆ ನೀವೇ ನಿರ್ಧರಿಸಿಕೊಳ್ಳಿ. ಸಾರು ಕುಡಿಯುವುದಿಲ್ಲ ಎಂದಾದರೆ ಅದೂ ಸರಿ, ಆಗ ಕೈಯಡುಗೆ ಜಾಸ್ತಿ ಮಾಡಬೇಕು. ಬೌದ್ಧ ಮಠಗಳ ಊಟ ಮಾತ್ರ ಪೂರ್ತಿ ಸಸ್ಯಾಹಾರ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಿಮ್ಮ ಅಜ್ಜಿ ಬಂದರೂ ಧೈರ್ಯವಾಗಿ ಬಡಿಸಬಹುದು.

ವಿಶ್ವವಿದ್ಯಾಲಯಗಳಲ್ಲಿ ‘ಸಾವಿರ ವೊನ್ ಬೆಳಗಿನ ಊಟ’ ಎಂಬ ಸರ್ಕಾರದ ನೆರವಿನ ಯೋಜನೆ ಇದೆ. ನಿಮ್ಮಲ್ಲಿ ಇದೆಯೇ ವಿಚಾರಿಸಿ. ಕೋಣೆಯಲ್ಲಿ ಒಲೆ ಹಚ್ಚಲು ಬಿಡದ ಹಾಸ್ಟೆಲಾದರೂ ಮೈಕ್ರೋವೇವ್ ಇದ್ದೇ ಇರುತ್ತದೆ. ಅಂಗಡಿಯಲ್ಲಿ ಎರಡು ನಿಮಿಷಕ್ಕೆ ಬಿಸಿಯಾಗುವ ಬೇಯಿಸಿದ ಅನ್ನದ ಡಬ್ಬಿ ಸಿಗುತ್ತದೆ. ಅವರ ಅಕ್ಕಿ ಗಿಡ್ಡ, ಅಂಟು. ಪುಳಿಯೋಗರೆಗೆ ಒಗ್ಗುವುದಿಲ್ಲ, ಮೊಸರನ್ನಕ್ಕೆ ಹೇಳಿ ಮಾಡಿಸಿದ್ದು. ಮೊಸರು ಕೊಳ್ಳುವಾಗ ‘ಮುಗಾದಾಂಗ್’ ಎಂಬ ಪದ ಹುಡುಕಿ, ಸಕ್ಕರೆ ಹಾಕದ್ದು ಎಂದರ್ಥ. ಇಲ್ಲವಾದರೆ ಸಿಹಿ ಮೊಸರಿಗೆ ಉಪ್ಪಿನಕಾಯಿ ನೆಂಚಿಕೊಂಡು ನನ್ನ ಹಾಗೆ ಪೆಚ್ಚಾಗುತ್ತೀರಿ.

ಭಾಷೆ ಬಾರದು ಎಂದಿರಿ. ಮಾತು ಬರಲು ವರ್ಷ ಬೇಕು, ಲಿಪಿ ಬರಲು ಒಂದು ವಾರ ಸಾಕು. ಹಾಂಗುಲ್ ಲಿಪಿಯನ್ನು ದೊರೆ ಸೆಜೊಂಗ್ 1443ರಲ್ಲಿ ರೂಪಿಸಿ 1446ರಲ್ಲಿ ಸಾರಿದ್ದೇ ಜನಸಾಮಾನ್ಯರು ಬೇಗ ಕಲಿಯಲಿ ಎಂದು. ಮೂಲ ಅಕ್ಷರ 24, ಹದಿನಾಲ್ಕು ವ್ಯಂಜನ, ಹತ್ತು ಸ್ವರ. ವ್ಯಂಜನಕ್ಕೆ ಸ್ವರ ಸೇರಿ ಒಂದು ಗುಡ್ಡೆಯಾಗುವುದು, ಕೆಳಗೆ ಇನ್ನೊಂದು ವ್ಯಂಜನ ಕೂರುವುದು ಕಾಗುಣಿತ, ಒತ್ತಕ್ಷರ ಬರೆದ ಕೈಗೆ ಹೊಸದಲ್ಲ. ಇನ್ನೊಂದು ಅನುಕೂಲವೂ ನಮಗಿದೆ. ‘ದಾಲ್’ ಚಂದ್ರ, ‘ತ್ತಾಲ್’ ಮಗಳು, ‘ಥಾಲ್’ ಮುಖವಾಡ. ಇಂಗ್ಲಿಷ್ ಮಾತಾಡುವವರು ಈ ಮೂರನ್ನು ಬೇರೆಮಾಡಲು ಒದ್ದಾಡುತ್ತಾರೆ. ಅಲ್ಪಪ್ರಾಣ ಮಹಾಪ್ರಾಣ ತಿದ್ದಿಸಿಕೊಂಡ ಕಿವಿಗೆ ವ್ಯತ್ಯಾಸ ಬೇಗ ಹತ್ತುತ್ತದೆ. ಕ್ರಿಯಾಪದ ಕೊನೆಗೆ, ವಿಭಕ್ತಿ ಪದದ ಬಾಲಕ್ಕೆ, ಎಲ್ಲ ನಮ್ಮ ಹಾಗೇ. ಅಮ್ಮನಿಗೆ ‘ಒಮ್ಮಾ’, ಅಪ್ಪನಿಗೆ ‘ಅಪ್ಪಾ’. ಇದನ್ನೆಲ್ಲ ನೋಡಿ ಹೋಮರ್ ಹಲ್ಬರ್ಟ್ ಎಂಬ ಅಮೆರಿಕನ್ ಪಾದ್ರಿ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಕೊರಿಯನ್, ದ್ರಾವಿಡ ಭಾಷೆಗಳು ನೆಂಟರು ಎಂದು ವಾದಿಸಿದ್ದ. ಭಾಷಾಶಾಸ್ತ್ರಜ್ಞರು ಅದನ್ನು ಒಪ್ಪುವುದಿಲ್ಲ. ಕಲಿಯುವವರಿಗೆ ನೆಂಟಸ್ತನ ಸಾಬೀತಾಗಬೇಕಿಲ್ಲ, ಹೋಲಿಕೆ ಸಾಕು.

ಜನರ ನಡುವೆ ಹೇಗಿರಬೇಕು ಎಂಬುದು ನಿಮಗೆ ಅರ್ಧ ಗೊತ್ತೇ ಇದೆ. ಪ್ರಾಧ್ಯಾಪಕರನ್ನು ಹೆಸರು ಹಿಡಿದು ಕರೆಯುವ ಅಮೆರಿಕದ ರೂಢಿ ಅಲ್ಲಿಲ್ಲ. ‘ಗ್ಯೋಸುನಿಮ್’ ಅನ್ನಿ, ಅದರ ‘ನಿಮ್’ ನಮ್ಮ ‘ಅವರು’ ಇದ್ದ ಹಾಗೆ. ಲ್ಯಾಬಿನಲ್ಲಿ ನಿಮಗಿಂತ ಮುಂಚೆ ಸೇರಿದವರು ‘ಸೊನ್ಬೆ’, ವಯಸ್ಸಿನಲ್ಲಿ ಚಿಕ್ಕವರಾದರೂ. ಭೇಟಿಯಾದ ಎರಡನೇ ನಿಮಿಷಕ್ಕೆ ‘ವಯಸ್ಸೆಷ್ಟು’ ಎಂದು ಕೇಳಿದರೆ ಬೇಜಾರಾಗಬೇಡಿ, ಯಾವ ಕ್ರಿಯಾಪದ ಬಳಸಬೇಕೆಂದು ತಿಳಿಯಲು ಅವರಿಗದು ಬೇಕು. ಏನನ್ನೇ ಕೊಟ್ಟರೂ ತೆಗೆದುಕೊಂಡರೂ ಎರಡೂ ಕೈ. ಮಧ್ಯಾಹ್ನ ಎದುರಾದವರು ‘ಬಾಪ್ ಮೊಗೊಸ್ಸೊಯೊ?’ ಎನ್ನುತ್ತಾರೆ. ಊಟ ಆಯ್ತಾ ಎಂದರ್ಥ. ನಮ್ಮಲ್ಲಿ ಹೇಗೋ ಹಾಗೆ, ಉತ್ತರಕ್ಕಿಂತ ಕೇಳುವುದೇ ಮುಖ್ಯ. ಲ್ಯಾಬಿನ ಸಂಜೆಯ ಊಟಗಳಿಗೆ ಕರೆದಾಗ ಮೊದಲೆರಡು ಸಲ ತಪ್ಪಿಸಬೇಡಿ. ಅಲ್ಲಿ ಹಂದಿ ಮಾಂಸ ಸುಡುತ್ತಿರುತ್ತಾರೆ, ಗಾಜಿನ ಲೋಟಕ್ಕೆ ಸೊಜು ಎಂಬ ಮದ್ಯ ಸುರಿಯುತ್ತಾರೆ. ನೀವು ಕುಡಿಯುವುದಿಲ್ಲ, ತಿನ್ನುವುದಿಲ್ಲ ಎಂಬುದನ್ನು ಹೋಗುವ ಮುಂಚೆಯೇ ಸೊನ್ಬೆ ಒಬ್ಬರಿಗೆ ಹೇಳಿಡಿ. ಅವರೇ ನಿಮ್ಮ ಲೋಟಕ್ಕೆ ಸೈಡರ್ ತುಂಬುತ್ತಾರೆ. ಅಲ್ಲಿ ಸೈಡರ್ ಎಂದರೆ ಬರೀ ನಿಂಬೆಸೋಡದಂಥ ಪಾನೀಯ, ಹೆದರಬೇಡಿ.

ಉಳಿದ ಕೆಲವು ವಿಷಯ ಚುರುಕಾಗಿ. ನೋಂದಣಿಯಾದ ದಿನದಿಂದ ರಾಷ್ಟ್ರೀಯ ಆರೋಗ್ಯ ವಿಮೆ ಕಡ್ಡಾಯ, ವಿದೇಶಿ ವಿದ್ಯಾರ್ಥಿಗಳಿಗೆ 2021ರ ಮಾರ್ಚ್‌ನಿಂದ ಈ ನಿಯಮವಿದೆ. ಕಂತು ಬಾಕಿ ಉಳಿಸಿದರೆ ವೀಸಾ ಮುಂದುವರಿಸುವಾಗ ಕುತ್ತಿಗೆಗೆ ಬರುತ್ತದೆ. ನೋಂದಣಿಗೆ ಮುಂಚಿನ ವಾರಗಳಿಗೆ ಇಲ್ಲಿಂದಲೇ ಪ್ರಯಾಣ ವಿಮೆ ಮಾಡಿಸಿ. ಹಾಸ್ಟೆಲ್ ಬಿಟ್ಟು ಮನೆ ಬದಲಿಸಿದರೆ 15 ದಿನದೊಳಗೆ ವಿಳಾಸ ತಿಳಿಸಬೇಕು. ಅನುಮತಿ ಇಲ್ಲದೆ ಪಾರ್ಟ್‌ಟೈಮ್ ಕೆಲಸ ಬೇಡ, ಎಷ್ಟೇ ಸಣ್ಣದಿರಲಿ. ‘ನಿನ್ನ ಖಾತೆ ಒಂದು ದಿನ ಬಳಸಲು ಕೊಡು, ದುಡ್ಡು ಕೊಡುತ್ತೇನೆ’ ಎಂದು ಯಾರಾದರೂ, ಭಾರತೀಯರೇ ಆಗಲಿ, ಕೇಳಿದರೆ ಅಲ್ಲೇ ಎದ್ದು ಬನ್ನಿ. ಫೋನ್ ವಂಚಕರ ಜಾಲಕ್ಕೆ ವಿದ್ಯಾರ್ಥಿಗಳು ಸಿಕ್ಕಿಬೀಳುವುದು ಹೀಗೆಯೇ. ಕಸಕ್ಕೆ ಆಯಾ ಪ್ರದೇಶದ ಹೆಸರು ಅಚ್ಚಾದ ಚೀಲವನ್ನು ದುಡ್ಡು ಕೊಟ್ಟು ಕೊಳ್ಳಬೇಕು, ಅನ್ನದ ಕಸ ಬೇರೆ, ಪ್ಲಾಸ್ಟಿಕ್ ಬೇರೆ. ಪೊಲೀಸರಿಗೆ 112, ಆಂಬುಲೆನ್ಸಿಗೆ 119.

ಸಂಜೆಗಳ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಕೊರಿಯಾ ನಮಗಿಂತ ಮೂರೂವರೆ ಗಂಟೆ ಮುಂದಿದೆ. ಅಮ್ಮ ರಾತ್ರಿ ಅಡುಗೆಮನೆ ಒರೆಸಿ ಒಂಬತ್ತಕ್ಕೆ ಫೋನ್ ಹಿಡಿದರೆ ನಿಮಗೆ ಹನ್ನೆರಡೂವರೆ. ಮೊದಲ ವಾರ ನಿದ್ದೆಗೆಟ್ಟು ಮಾತಾಡುತ್ತೀರಿ, ಎರಡನೇ ವಾರ ತರಗತಿಯಲ್ಲಿ ತೂಕಡಿಸುತ್ತೀರಿ. ಅವರ ಸಂಜೆ ಕಾಫಿಯ ಹೊತ್ತಿಗೆ, ಐದು ಗಂಟೆಗೆ, ಮಾತಾಡುವುದೆಂದು ಈಗಲೇ ಗೊತ್ತುಮಾಡಿಕೊಳ್ಳಿ. ಅಲ್ಲಿ ಎಂಟೂವರೆ ಆಗಿರುತ್ತದೆ. ಮೊದಲ ಭಾನುವಾರ ಕೋಣೆಯಲ್ಲಿ ಕೂರದೆ ದೇಜೊನ್‌ನ ಹಳೆ ಪೇಟೆಗೆ ಹೋಗಿ, ಸುಂಗ್‌ಸಿಮ್‌ದಾಂಗ್ ಬೇಕರಿ ಎಂದರೆ ಯಾರು ಬೇಕಾದರೂ ದಾರಿ ತೋರಿಸುತ್ತಾರೆ. 1956ರಲ್ಲಿ ಶುರುವಾದ ಅಂಗಡಿ, ಬೇರೆ ಊರುಗಳಿಂದ ರೈಲಿನಲ್ಲಿ ಬಂದು ಸಾಲು ನಿಲ್ಲುತ್ತಾರೆ. ಒಳಗೆ ಕೆಂಪು ಕಾಳಿನ ಸಿಹಿ ಹೂರಣ ತುಂಬಿ ಎಣ್ಣೆಯಲ್ಲಿ ಕರಿದ ಬನ್ನು ಅಲ್ಲಿನ ಖ್ಯಾತಿ. ಬ್ರೆಡ್ಡಿಗೆ ಅವರು ‘ಪ್ಪಾಂಗ್’ ಅನ್ನುತ್ತಾರೆ, ನಮ್ಮ ಪಾವ್‌ನ ಹಾಗೆ ಅದೂ ಪೋರ್ಚುಗೀಸರಿಂದಲೇ ಬಂದ ಮಾತು. ಅಯ್ಯಂಗಾರ್ ಬೇಕರಿಗಳನ್ನು ನಾಡಿಗೆಲ್ಲ ಹಬ್ಬಿಸಿದ ಜಿಲ್ಲೆಯವರು ನೀವು, ತಿಂದು ನೋಡಿ ತೀರ್ಪು ಬರೆದು ಕಳಿಸಿ.

ಈಗ ಅಮ್ಮನ ಗಂಟು. ಪುಡಿಗಳು, ಗಟ್ಟಿಯಾಗಿ ಮುಚ್ಚಿದ ಉಪ್ಪಿನಕಾಯಿ ತೊಂದರೆಯಿಲ್ಲ. ಹಸಿ ಕರಿಬೇವು, ಹಣ್ಣು, ಬಿತ್ತನೆ ಬೀಜ ಬೇಡ, ಸಸ್ಯ ತಪಾಸಣೆಯಲ್ಲಿ ಹಿಡಿಯುತ್ತಾರೆ. ಗಸಗಸೆ ಮಾತ್ರ ಒಂದು ಚಮಚವೂ ಬೇಡ. ಅಫೀಮು ಗಿಡದ ಬೀಜ ಎಂಬ ಕಾರಣಕ್ಕೆ ಕೊರಿಯಾದ ಕಸ್ಟಮ್ಸ್ ಅದನ್ನು ಮಾದಕ ವಸ್ತುವಿನ ಸಾಲಿಗೆ ಹಾಕಿದೆ. ಅಮೆರಿಕದಿಂದ ಬರುವವರ ಬ್ರೆಡ್ ಮಸಾಲೆಯ ಡಬ್ಬಿಯಲ್ಲಿ ಅದು ಬೆರೆತಿದ್ದರೂ ಕಿತ್ತುಕೊಳ್ಳುತ್ತಾರೆ. ಪಾಯಸ ಬೇಸಿಗೆ ರಜೆಗೆ ಕಾಯಲಿ. ಇನ್ನೊಂದು ಮಾತು: ಬಿಸಿಬೇಳೆಬಾತ್ ಪುಡಿಗೆ, ಸಾಗು ಪುಡಿಗೆ ಗಸಗಸೆ ಹುರಿದು ಹಾಕುವ ಮನೆಗಳಿವೆ. ನಿಮ್ಮದೂ ಅಂಥ ಮನೆಯಾದರೆ, ಪುಡಿಯನ್ನು ಈ ಸಲ ಗಸಗಸೆ ಬಿಟ್ಟು ಬೇರೆಯಾಗಿ ಮಾಡಿಕೊಡಲು ಅಮ್ಮನಿಗೆ ಇವತ್ತೇ ಹೇಳಿ.